ಮೆರವಣಿಗೆ ಯಾರದ್ದು, ಮೆರೆಯುವವರು ಯಾರು?

2024ರ ಜುಲೈ 26ರ ಸಂಜೆ ಪ್ಯಾರಿಸ್‌ನಲ್ಲಿ ಮಳೆ ಬಿಡದೆ ಹಿಡಿದುಕೊಂಡಿತು. ಸೇನ್ ನದಿಯ ಮೇಲೆ ಆರು ಕಿಲೋಮೀಟರ್ ಉದ್ದಕ್ಕೂ 85 ದೋಣಿಗಳು, ಅವುಗಳಲ್ಲಿ ಸುಮಾರು 6,800 ಕ್ರೀಡಾಪಟುಗಳು. ಸೂಟು, ಸೀರೆ, ಕುರ್ತಾಗಳೆಲ್ಲ ಪ್ಲಾಸ್ಟಿಕ್ ಮಳೆಯಂಗಿಯೊಳಗೆ ಅಡಗಿಹೋಗಿದ್ದವು. ನದಿಯ ಪಕ್ಕ ಬಯಲಿನಲ್ಲೇ ಕುಳಿತು ಅಲೆಕ್ಸಾಂದ್ರ್ ಕಾಂತೊರೋವ್ ರಾವೆಲ್‌ನ ರಚನೆಯೊಂದನ್ನು ನುಡಿಸುತ್ತಿದ್ದರೆ ಪಿಯಾನೋದ ಕಪ್ಪು ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆರಳು ಎಲ್ಲಿ ಜಾರೀತೋ ಎಂದು ನೋಡುವವರಿಗೇ ದಿಗಿಲು. ಬೇಸಿಗೆ ಒಲಿಂಪಿಕ್ಸ್ ಕ್ರೀಡಾಂಗಣದ ಗೋಡೆ ದಾಟಿ ಊರಿನ ನಡುವೆ ಉದ್ಘಾಟನೆಯಾದದ್ದು ಅದೇ ಮೊದಲು. ಅಂದೇ ಬೆಳಿಗ್ಗೆ ಯಾರೋ ಫ್ರಾನ್ಸ್‌ನ ವೇಗದ ರೈಲುಮಾರ್ಗಗಳ ಕೇಬಲ್‌ಗಳಿಗೆ ಬೆಂಕಿ ಹಚ್ಚಿದ್ದರು. ರಾತ್ರಿ ದಕ್ಷಿಣ ಕೊರಿಯಾವನ್ನು ಉತ್ತರ ಕೊರಿಯಾ ಎಂದು ಕೂಗಿ ಕರೆದರು, ಒಲಿಂಪಿಕ್ ಧ್ವಜವನ್ನು ತಲೆಕೆಳಗಾಗಿ ಏರಿಸಿದರು. ಗ್ರೀಕ್ ದೇವತೆಗಳ ಔತಣದ ದೃಶ್ಯವೊಂದು ಯೇಸುವಿನ ಕೊನೆಯ ಭೋಜನದ ಅಣಕವಾಗಿ ಕಂಡು, ನೊಂದವರ ಕ್ಷಮೆಯನ್ನು ಸಂಘಟಕರು ಕೇಳಬೇಕಾಯಿತು.

ಮರುದಿನದ ಚರ್ಚೆಯೆಲ್ಲ ಈ ಎಡವಟ್ಟುಗಳದ್ದು, ಸೆಲೀನ್ ಡಿಯೋನ್ ಹಾಡಿದ್ದು, ಲೇಡಿ ಗಾಗಾ ಕುಣಿದದ್ದು. ದೋಣಿಯಲ್ಲಿ ನಾಲ್ಕು ವರ್ಷದ ಬೆವರು ಹೊತ್ತು ನಿಂತಿದ್ದವರ ಬಗ್ಗೆ ಮಾತು ಕಡಿಮೆ. ಅಂತರರಾಷ್ಟ್ರೀಯ ಕ್ರೀಡಾಕೂಟಗಳ ಉದ್ಘಾಟನಾ ಸಮಾರಂಭವೆಂಬುದು ನಿಜಕ್ಕೂ ಯಾರ ಸಮಾರಂಭ ಎಂಬ ಪ್ರಶ್ನೆ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಏಳುತ್ತದೆ, ಪಟಾಕಿಯ ಹೊಗೆಯ ಜೊತೆ ಕರಗುತ್ತದೆ. ಆಟಗಾರರದ್ದೇ, ಆತಿಥೇಯ ಸರ್ಕಾರದ್ದೇ, ಟಿ.ವಿ. ಹಕ್ಕು ಕೊಂಡವರದ್ದೇ? ನೂರು ವರ್ಷದ ಕಥೆಯನ್ನು ಒಮ್ಮೆ ಉದ್ದಕ್ಕೆ ಹರಡಿ ನೋಡಿದರೆ ನನಗೆ ಕಾಣುವುದು ಇದು: ಇದರಲ್ಲಿ ಆಟಗಾರನ ಪಾಲಿಗೆ ಉಳಿದಿರುವುದು ಮೆರವಣಿಗೆಯೊಂದೇ. ಆ ಮೆರವಣಿಗೆಯೇ ಸಮಾರಂಭದ ಪ್ರಾಣ. ಮಿಕ್ಕದ್ದೆಲ್ಲ ಮನೆಯೊಡೆಯನ ಭಾಷಣ. ಕೆಲವೊಮ್ಮೆ ಸೊಗಸಾದ ಭಾಷಣ, ಅಷ್ಟೇ.

1896ರಲ್ಲಿ ಅಥೆನ್ಸ್‌ನ ಅಮೃತಶಿಲೆಯ ಕ್ರೀಡಾಂಗಣದಲ್ಲಿ ಗ್ರೀಸ್‌ನ ದೊರೆ ಒಂದನೇ ಜಾರ್ಜ್ ಕೂಟಕ್ಕೆ ಚಾಲನೆ ಕೊಟ್ಟಾಗ ಜ್ಯೋತಿ ಇರಲಿಲ್ಲ, ಐದು ಬಳೆಗಳ ಧ್ವಜ ಇರಲಿಲ್ಲ, ಪ್ರತಿಜ್ಞೆಯೂ ಇರಲಿಲ್ಲ. ಸ್ಪಿರಿಡಾನ್ ಸಮಾರಾಸ್ ಸಂಗೀತ ಕಟ್ಟಿದ, ಕವಿ ಕೋಸ್ತಿಸ್ ಪಾಲಮಾಸ್ ಬರೆದ ಸ್ತುತಿಗೀತೆಯೊಂದನ್ನು ಹಾಡಿದ್ದರು. ಅದು ಅಧಿಕೃತ ಒಲಿಂಪಿಕ್ ಗೀತೆಯಾಗಲು 1958ರವರೆಗೆ ಕಾಯಬೇಕಾಯಿತು. ದೇಶವಾರು ತಂಡಗಳು ಧ್ವಜ ಹಿಡಿದು ಸಾಲಾಗಿ ನಡೆಯುವ ಪದ್ಧತಿ ಒಲಿಂಪಿಕ್ಸ್‌ಗೆ ಬಂದದ್ದು 1908ರ ಲಂಡನ್‌ನಲ್ಲಿ. ಬಂದ ದಿನವೇ ಜಗಳವನ್ನೂ ಕರೆತಂದಿತು. ಆಗ ರಷ್ಯಾದ ಹಿಡಿತದಲ್ಲಿದ್ದ ಫಿನ್ಲೆಂಡ್‌ನವರು ರಷ್ಯಾದ ಧ್ವಜ ಹಿಡಿಯಲು ಒಪ್ಪದೆ ಧ್ವಜವೇ ಇಲ್ಲದೆ ನಡೆದರು. ಕ್ರೀಡಾಂಗಣದ ಸುತ್ತ ಕಟ್ಟಿದ್ದ ಬಾವುಟಗಳಲ್ಲಿ ಅಮೆರಿಕದ್ದೂ ಸ್ವೀಡನ್‌ನದ್ದೂ ಇರಲಿಲ್ಲವೆಂದು ಮುನಿಸು ಬೇರೆ. ಮೆರವಣಿಗೆ ಹುಟ್ಟಿದ್ದೇ ರಾಜಕೀಯದ ತೊಟ್ಟಿಲಲ್ಲಿ. ‘ಕ್ರೀಡೆಯಲ್ಲಿ ರಾಜಕೀಯ ಬೆರೆಸಬೇಡಿ’ ಎನ್ನುವ ನಮ್ಮ ಗಣ್ಯರು ಈ ಸಂಗತಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇಂದು ನಾವು ಸನಾತನ ಎಂದುಕೊಂಡಿರುವ ವಿಧಿಗಳಲ್ಲಿ ಹೆಚ್ಚಿನವು ಮೊದಲ ಮಹಾಯುದ್ಧದ ಈಚೆಗಿನವು. 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಮೊದಲ ಬಾರಿಗೆ ಒಲಿಂಪಿಕ್ ಧ್ವಜ ಹಾರಿತು, ವಿಕ್ಟರ್ ಬುವಾಂ ಎಂಬ ಕತ್ತಿವರಸೆಗಾರ ಆಟಗಾರರೆಲ್ಲರ ಪರವಾಗಿ ಪ್ರತಿಜ್ಞೆ ಓದಿದ, ಶಾಂತಿಯ ಹೆಸರಿನಲ್ಲಿ ಪಾರಿವಾಳ ಹಾರಿಸಿದರು. ಶಾಂತಿ ಎಂದರೂ ಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ, ಹಂಗೇರಿಗಳಿಗೆ ಆಹ್ವಾನವೇ ಇರಲಿಲ್ಲ! ಭಾರತದ ಹೆಸರಿನಲ್ಲಿ ತಂಡವೊಂದು ಹೋದ ಮೊದಲ ಕೂಟವೂ ಅದೇ. ದೊರಾಬ್ಜಿ ಟಾಟಾ ಮುತುವರ್ಜಿಯಿಂದ ಹೋದ ಆ ಸಣ್ಣ ತಂಡದ ಧ್ವಜ ಹಿಡಿದವರು ಪೂರ್ಮಾ ಬ್ಯಾನರ್ಜಿ. ಜೊತೆಗಿದ್ದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಒಬ್ಬರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದ ಈ ಓಟಗಾರನ ಹೆಸರು ಕನ್ನಡನಾಡಿನ ಕ್ರೀಡಾ ಚರಿತ್ರೆಯಲ್ಲಿ ಇನ್ನಷ್ಟು ದಪ್ಪ ಅಕ್ಷರದಲ್ಲಿ ಇರಬೇಕಿತ್ತು.

1928ರ ಆಮ್‌ಸ್ಟರ್‌ಡ್ಯಾಂನಲ್ಲಿ ಗೋಪುರದ ಮೇಲೆ ಬೆಂಕಿ ಉರಿಯಿತು; ಗ್ರೀಸ್ ಮೊದಲು, ಆತಿಥೇಯರು ಕೊನೆಗೆ ಎಂಬ ಕ್ರಮವೂ ಅಲ್ಲೇ ಗಟ್ಟಿಯಾಯಿತು. ನಡುವಿನವರು ಆತಿಥೇಯ ದೇಶದ ಅಕ್ಷರಮಾಲೆಯಂತೆ ಬರಬೇಕು. ಇದು ಸಣ್ಣ ವಿಷಯದಂತೆ ಕಂಡರೂ ಮೆರವಣಿಗೆಯ ಒಳ್ಳೆಯ ತಮಾಷೆಯೆಲ್ಲ ಇಲ್ಲಿದೆ. ಸೋಲ್‌ನಲ್ಲಿ ಕೊರಿಯನ್ ಲಿಪಿಯ ಪ್ರಕಾರ ಗ್ರೀಸ್‌ನ ಬೆನ್ನಿಗೇ ಘಾನಾ ಬಂತು. ಗ್ರೀಸೇ ಆತಿಥೇಯವಾಗಿದ್ದ ಅಥೆನ್ಸ್ ಕೂಟದಲ್ಲಿ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪಕ್ಕೆ ಮೊದಲ ಸರದಿ. ಬೀಜಿಂಗ್‌ನಲ್ಲಿ ದೇಶದ ಹೆಸರು ಬರೆಯಲು ಎಷ್ಟು ಗೀಟು ಬೇಕು ಎಂಬ ಲೆಕ್ಕದ ಮೇಲೆ ಸಾಲು ನಿಂತಿತು. ಇಂಗ್ಲಿಷಿನವರ ಪಟ್ಟಿಯಲ್ಲಿ ಸದಾ ಬಾಲವಾಗಿಯೇ ಬರುವ ಜಾಂಬಿಯಾ, ಜಿಂಬಾಬ್ವೆಗಳು ನಮ್ಮ ವರ್ಣಮಾಲೆಯಲ್ಲಾದರೆ ನಡುವೆ ಎದೆಯುಬ್ಬಿಸಿ ಬರುತ್ತವೆ. ಹಂಗೇರಿ, ಹೈಟಿ, ಹೊಂಡುರಾಸ್‌ಗಳು ಕೊನೆಯಲ್ಲಿ ಕಾದು ನಿಲ್ಲಬೇಕಾಗುತ್ತದೆ. ಯಾರು ದೊಡ್ಡವರು, ಯಾರು ಶ್ರೀಮಂತರು ಎಂಬುದನ್ನು ಕೇಳದ ಸಾಲು ಅದು. ಪದಕ ಪಟ್ಟಿಯಲ್ಲಿ ಎಂದೂ ಕಾಣಿಸದ ತುವಾಲು, ನೌರು ಥರದ ದೇಶಗಳಿಗೆ ಜಗತ್ತು ಕಣ್ಣೆತ್ತಿ ನೋಡುವ ಅರ್ಧ ನಿಮಿಷ ಸಿಗುವುದು ಇಲ್ಲಿ ಮಾತ್ರ.

ಗ್ರೀಸ್‌ನ ಒಲಿಂಪಿಯಾದಲ್ಲಿ ಸೂರ್ಯನ ಬಿಸಿಲಿನಿಂದ ಬೆಂಕಿ ಹೊತ್ತಿಸಿ, ಕೈಯಿಂದ ಕೈಗೆ ದಾಟಿಸಿ ತರುವ ಜ್ಯೋತಿಯಾತ್ರೆ ಎಲ್ಲರೂ ಅತಿ ಪ್ರಾಚೀನವೆಂದು ನಂಬಿರುವ ವಿಧಿ. ಅದನ್ನು ಹೆಣೆದವನು ಜರ್ಮನಿಯ ಕ್ರೀಡಾ ಆಡಳಿತಗಾರ ಕಾರ್ಲ್ ಡೀಮ್. 1936ರ ಬರ್ಲಿನ್‌ಗಾಗಿ. ಪಂಜುಗಳನ್ನು ಮಾಡಿಕೊಟ್ಟದ್ದು ಫಿರಂಗಿ ಮಾಡುತ್ತಿದ್ದ ಕ್ರುಪ್ ಕಾರ್ಖಾನೆ. ಮೂರು ಸಾವಿರಕ್ಕೂ ಹೆಚ್ಚು ಓಟಗಾರರು ಏಳು ದೇಶ ದಾಟಿ ಬೆಂಕಿಯನ್ನು ಹಿಟ್ಲರನ ಮುಂದೆ ತಂದು ನಿಲ್ಲಿಸಿದರು. ಅವರು ಓಡಿದ ದಾರಿಯ ದೇಶಗಳೆಲ್ಲ ಮುಂದಿನ ಐದು ವರ್ಷದೊಳಗೆ ಒಂದೋ ಅವನ ಸೈನ್ಯದ ಕಾಲಡಿಗೆ ಬಿದ್ದವು, ಇಲ್ಲವೇ ಅವನ ಪಾಳಯ ಸೇರಿದವು. 1896ರ ಮ್ಯಾರಥಾನ್ ಗೆದ್ದ ಗ್ರೀಕ್ ಹಳ್ಳಿಗ ಸ್ಪಿರಿಡಾನ್ ಲೂಯಿಸ್ ಅಂದು ಹಿಟ್ಲರನ ಕೈಗೆ ಒಲಿಂಪಿಯಾದ ಆಲಿವ್ ಕೊಂಬೆ ಕೊಟ್ಟ. ಲೆನಿ ರೀಫೆನ್‌ಸ್ಟಾಲ್ ಎಲ್ಲವನ್ನೂ ಸಿನಿಮಾ ಮಾಡಿದಳು. ಇಂದಿನ ಸಮಾರಂಭದ ವ್ಯಾಕರಣ ಪೂರ್ತಿಯಾಗಿ ರೂಪುಗೊಂಡದ್ದು ಆ ಒಂದು ಮಧ್ಯಾಹ್ನ. ದೊಡ್ಡ ಕ್ರೀಡಾಂಗಣ, ಹುರಿಗೊಳಿಸಿದ ಜನಸ್ತೋಮ, ಬೆಂಕಿ, ಎತ್ತರದಲ್ಲಿ ಒಬ್ಬ ನಾಯಕ, ಕ್ಯಾಮೆರಾ.

ಅಂದು ಭಾರತದ ಧ್ವಜ ಹಿಡಿದು ನಡೆದವರು ಧ್ಯಾನ್‌ಚಂದ್. ಧ್ವಜ ಬ್ರಿಟಿಷರದ್ದು, ಹೆಜ್ಜೆ ನಮ್ಮವರದ್ದು. ಹಲವು ತಂಡಗಳು ಹಿಟ್ಲರನ ವೇದಿಕೆಯ ಮುಂದೆ ಬಲಗೈ ಚಾಚಿ ವಂದಿಸಿ ಮುಂದೆ ಹೋದಾಗ ನಮ್ಮ ತಂಡ ಕೈ ಎತ್ತಲಿಲ್ಲ. ಎರಡು ವಾರ ಕಳೆದು, ಆಗಸ್ಟ್ 15ರಂದು, ಹಾಕಿ ಫೈನಲ್‌ನಲ್ಲಿ ಅದೇ ತಂಡ ಜರ್ಮನಿಯನ್ನು 8–1ರಿಂದ ಮಣಿಸಿತು.

ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ಎಷ್ಟೋ ಚಿಹ್ನೆಗಳನ್ನು ಜಗತ್ತು ಕಿತ್ತೆಸೆಯಿತು, ಪಂಜನ್ನು ಮಾತ್ರ ಇಟ್ಟುಕೊಂಡಿತು. ಇಟ್ಟುಕೊಂಡು ಎಲ್ಲಿಯವರೆಗೆ ತಂದಿದೆ ಎಂದರೆ ನಮ್ಮ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದವರೆಗೆ. ಜೂನಿಯರ್ ಕಾಲೇಜು ಮೈದಾನ, ಸುಣ್ಣದ ಪುಡಿಯಲ್ಲಿ ಎಳೆದ ಟ್ರ್ಯಾಕು, ಒಂದು ಶಾಮಿಯಾನ. ಬಿಳಿ ಕ್ಯಾನ್‌ವಾಸ್ ಷೂ ತೊಟ್ಟ ವಲಯವಾರು ತಂಡಗಳು ಎಂಟು ಗಂಟೆಗೇ ಸಾಲಾಗಿ ನಿಂತಿರುತ್ತವೆ. ಶಾಸಕರು ಹೊರಟಿದ್ದಾರೆ, ಇನ್ನೇನು ಬಂದೇಬಿಟ್ಟರು ಎಂದು ಮೈಕಿನಲ್ಲಿ ಹತ್ತೂವರೆವರೆಗೂ ಹೇಳುತ್ತಲೇ ಇರುತ್ತಾರೆ. ಬಿಸಿಲಿಗೆ ಒಂದಿಬ್ಬರು ಮಕ್ಕಳು ತಲೆಸುತ್ತಿ ಕೂರುವುದು, ಪಿ.ಟಿ. ಮೇಷ್ಟ್ರು ಗ್ಲೂಕೋಸ್ ಪುಡಿ ಹಿಡಿದು ಓಡುವುದು ಪ್ರತಿ ವರ್ಷದ ದೃಶ್ಯ. ಕೊನೆಗೆ ಕಳೆದ ಸಲ ರಾಜ್ಯಮಟ್ಟಕ್ಕೆ ಹೋಗಿ ಬಂದ ಹುಡುಗಿಯೊಬ್ಬಳು ಸೀಮೆಎಣ್ಣೆ ವಾಸನೆಯ ಪಂಜು ಹಿಡಿದು ಒಂದು ಸುತ್ತು ಓಡುತ್ತಾಳೆ. ಓಡುವಾಗ ಕಿಡಿ ಮುಖಕ್ಕೆ ಬರದಂತೆ ಕೈಯನ್ನು ಆದಷ್ಟು ದೂರ ಚಾಚಿರುತ್ತಾಳೆ. ಧ್ವಜವಂದನೆ, ಪ್ರತಿಜ್ಞೆ, ಪಾರಿವಾಳ ಸಿಗದಿದ್ದರೆ ಬಲೂನು, ಆಮೇಲೆ ಒಂದೂಕಾಲು ಗಂಟೆ ಭಾಷಣ. ಮೊದಲ ನೂರು ಮೀಟರ್ ಓಟ ನಡೆಯುವುದು ಊಟದ ಹೊತ್ತಿಗೆ. ಆಂಟ್ವರ್ಪ್, ಆಮ್‌ಸ್ಟರ್‌ಡ್ಯಾಂ, ಬರ್ಲಿನ್ ಮೂರೂ ಆ ಮೈದಾನದಲ್ಲಿವೆ. ಆಟಗಾರ ಕಾಯಬೇಕು, ಅತಿಥಿ ಕಾಯಿಸಬೇಕು ಎಂಬ ನಿಯಮವೂ ಇದೆ.

1948ರ ಲಂಡನ್ ಸಮಾರಂಭಕ್ಕೆ ಹಣವೇ ಇರಲಿಲ್ಲ. ಬ್ರಿಟನ್ನಿನಲ್ಲಿ ಇನ್ನೂ ರೇಷನ್ ಕಾಲ, ಆಟಗಾರರು ತಂಗಿದ್ದು ಸೇನಾ ಶಿಬಿರಗಳಲ್ಲಿ ಮತ್ತು ಕಾಲೇಜುಗಳಲ್ಲಿ. ಜುಲೈ 29ರಂದು ವೆಂಬ್ಲಿಯಲ್ಲಿ ನಡೆದದ್ದು ಮೆರವಣಿಗೆ, ಪ್ರತಿಜ್ಞೆ, ಜ್ಯೋತಿ ಇಷ್ಟೇ. ಆದರೂ ನಮಗೆ ಅದಕ್ಕಿಂತ ದೊಡ್ಡ ಸಮಾರಂಭ ಇನ್ನೊಂದಿಲ್ಲ. ತ್ರಿವರ್ಣ ಧ್ವಜದಡಿ ಸ್ವತಂತ್ರ ಭಾರತ ನಡೆದ ಮೊದಲ ಒಲಿಂಪಿಕ್ಸ್ ಅದು. ಧ್ವಜ ಹಿಡಿದವರು ನಾಗಾ ಬೆಟ್ಟಗಳಿಂದ ಬಂದ, ಮುಂದೆ ವೈದ್ಯರಾದ ಫುಟ್‌ಬಾಲ್ ನಾಯಕ ತಾಲಿಮೆರೆನ್ ಆವೊ. ಅವರ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಕೂಡ ಇದ್ದರು. ತಂಡದ ಹಲವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. ಅದೇ ಜುಲೈ 29ರಂದು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಅಂಗಳದಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ 16 ಮಂದಿಗೆ ಗಾಲಿಕುರ್ಚಿಯಲ್ಲಿ ಬಿಲ್ಲುವಿದ್ಯೆಯ ಸ್ಪರ್ಧೆ ಇಟ್ಟರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ ದಿನ ಅದು. ವೆಂಬ್ಲಿಯ ತುತ್ತೂರಿಯ ಸದ್ದಿನಲ್ಲಿ ಅದನ್ನು ಕೇಳಿದವರು ಕಡಿಮೆ.

ಮೆರವಣಿಗೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡುತ್ತ ಹೋದರೆ ಇಪ್ಪತ್ತನೇ ಶತಮಾನದ ಚರಿತ್ರೆಯ ಅರ್ಧ ಸಿಗುತ್ತದೆ. 1948ರಲ್ಲಿ ಜರ್ಮನಿ, ಜಪಾನ್ ಇಲ್ಲ. ಮೂರೇ ವರ್ಷದಲ್ಲಿ, 1951ರ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಜಪಾನ್ ಇದೆ, ಪಾಕಿಸ್ತಾನ ಇಲ್ಲ. 1976ರ ಮಾಂಟ್ರಿಯಲ್‌ನಲ್ಲಿ ಆಫ್ರಿಕಾದ ಬಹುಪಾಲು ದೇಶಗಳಿಲ್ಲ, 1980ರ ಮಾಸ್ಕೋದಲ್ಲಿ ಅಮೆರಿಕ ಇಲ್ಲ, 1984ರ ಲಾಸ್ ಏಂಜಲಿಸ್‌ನಲ್ಲಿ ಸೋವಿಯತ್ ಒಕ್ಕೂಟ ಇಲ್ಲ. ಸೋವಿಯತ್ ಗುಂಪಿನ ಮಾತು ಮೀರಿ ಬಂದ ರೊಮೇನಿಯಾಕ್ಕೆ ಅಮೆರಿಕನ್ನರು ಎದ್ದು ನಿಂತು ಚಪ್ಪಾಳೆ ಹೊಡೆದರು. 1992ರಲ್ಲಿ ವರ್ಣಭೇದದ ಕಾನೂನು ಕಳಚುತ್ತಿದ್ದ ದಕ್ಷಿಣ ಆಫ್ರಿಕಾ ಮರಳಿತು. 2000ದಲ್ಲಿ ಎರಡು ಕೊರಿಯಾಗಳು ಒಂದೇ ಉಡುಪಿನಲ್ಲಿ, ನೀಲಿ ನಕ್ಷೆಯ ಒಂದೇ ಬಾವುಟದ ಹಿಂದೆ ಕೈ ಹಿಡಿದು ಬಂದವು. ತೈವಾನ್ ಇಂದಿಗೂ ತನ್ನ ಹೆಸರಿನಲ್ಲಿ ನಡೆಯುವಂತಿಲ್ಲ, ‘ಚೈನೀಸ್ ತೈಪೆ’ ಎಂಬ ಫಲಕದ ಹಿಂದೆ ನಡೆಯಬೇಕು. 2016ರ ರಿಯೊದಲ್ಲಿ ದೇಶವೇ ಇಲ್ಲದ ಹತ್ತು ಮಂದಿಯ ನಿರಾಶ್ರಿತರ ತಂಡ ಮೊದಲ ಸಲ ಕಾಣಿಸಿಕೊಂಡಿತು. ಯಾವ ನೃತ್ಯ ನಿರ್ದೇಶಕನ ಕೈಯಲ್ಲೂ ಇಷ್ಟು ಕಥೆ ಹುಟ್ಟುವುದಿಲ್ಲ.

ಮೆರವಣಿಗೆಯ ಮೇಲೆ ಒಂದು ಆಕ್ಷೇಪ ನ್ಯಾಯವಾದದ್ದೇ. ಇನ್ನೂರಕ್ಕೂ ಹೆಚ್ಚು ತಂಡ ಸಾಗುವ ಹೊತ್ತಿಗೆ ಗಂಟೆಗಟ್ಟಲೆ ಹೊತ್ತು ಹೋಗುತ್ತದೆ; ಹೊರಗೆ ಬಸ್ಸಿನಲ್ಲೋ ಕಾರಿಡಾರಿನಲ್ಲೋ ಕಾದು, ಒಳಗೆ ಬಂದು ಮತ್ತೆ ನಿಲ್ಲಬೇಕು. ಮರುದಿನವೇ ನೀರಿಗಿಳಿಯುವ ಈಜುಗಾರರು, ತೂಕ ನೋಡಿಸಿಕೊಳ್ಳಬೇಕಾದವರು ಈ ಕಡೆ ತಲೆಯೇ ಹಾಕುವುದಿಲ್ಲ. ಅವರು ಕ್ರೀಡಾಗ್ರಾಮದಲ್ಲಿ ಕಾಲು ಮೇಲಿಟ್ಟುಕೊಂಡು ಟಿ.ವಿ.ಯಲ್ಲಿ ನೋಡುತ್ತಾರೆ. ಅವರನ್ನು ತಪ್ಪು ಎನ್ನಲಾಗದು.

ಜ್ಯೋತಿ ಬೆಳಗುವ ಕೊನೆಯ ವ್ಯಕ್ತಿ ಯಾರು ಎಂಬ ಗುಟ್ಟನ್ನು ಕಾಯ್ದುಕೊಳ್ಳುವುದು ಈಗ ಒಂದು ಕಲೆಯೇ ಆಗಿದೆ. ಒಂದು ದೇಶ ತನ್ನ ಬಗ್ಗೆ ಹೇಳಿಕೊಳ್ಳಬೇಕಾದದ್ದನ್ನು ಒಬ್ಬರ ಮುಖದಲ್ಲಿ ಹೇಳುವ ಅವಕಾಶ ಅದು. 1964ರ ಟೋಕಿಯೊ ಆರಿಸಿದ್ದು ಯೋಶಿನೋರಿ ಸಕಾಯ್ ಎಂಬ ಹತ್ತೊಂಬತ್ತರ ಹುಡುಗನನ್ನು. ಹಿರೋಷಿಮಾ ಪ್ರಾಂತ್ಯದಲ್ಲಿ 1945ರ ಆಗಸ್ಟ್ 6ರಂದು, ಬಾಂಬು ಬಿದ್ದ ದಿನವೇ ಹುಟ್ಟಿದವನು. ಒಂದು ಮಾತಿಲ್ಲದೆ ಜಪಾನ್ ಎಲ್ಲವನ್ನೂ ಹೇಳಿತು. 1968ರ ಮೆಕ್ಸಿಕೊದಲ್ಲಿ ಎನ್ರಿಕೇತಾ ಬಸಿಲಿಯೊ ಜ್ಯೋತಿ ಬೆಳಗಿದ ಮೊದಲ ಮಹಿಳೆಯಾದಳು. ಹತ್ತೇ ದಿನದ ಹಿಂದೆ ಅದೇ ನಗರದ ತ್ಲಾತೆಲೋಲ್ಕೊ ಚೌಕದಲ್ಲಿ ಸೈನಿಕರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ದರು; ಆ ರಕ್ತದ ಬಗ್ಗೆ ಸಮಾರಂಭದಲ್ಲಿ ಒಂದಕ್ಷರವಿಲ್ಲ. 1988ರ ಸೋಲ್‌ನಲ್ಲಿ ಶಾಂತಿಯ ಪಾರಿವಾಳಗಳು ಜ್ಯೋತಿಕುಂಡದ ಅಂಚಿನಲ್ಲಿ ಕೂತಿದ್ದಾಗಲೇ ಬೆಂಕಿ ಹೊತ್ತಿಸಿದ್ದರಿಂದ ಕೆಲವು ಅಲ್ಲೇ ಸುಟ್ಟುಹೋದವು. ಆಮೇಲೆ ಕ್ರಮೇಣ ಜೀವಂತ ಪಾರಿವಾಳಗಳಿಗೆ ಬಿಡುಗಡೆ ಸಿಕ್ಕಿತು. 2012ರ ಲಂಡನ್‌ನಲ್ಲಿ ಸೈಕಲ್ ಸವಾರರೇ ರೆಕ್ಕೆ ಕಟ್ಟಿಕೊಂಡು ಬಂದರು. ಬಾರ್ಸಿಲೋನಾದಲ್ಲಿ ಪೋಲಿಯೊ ಪೀಡಿತ ಬಿಲ್ಲುಗಾರ ಆಂತೋನಿಯೊ ರೆಬೊಯೊ ಉರಿಯುವ ಬಾಣವನ್ನು ಕುಂಡದ ಮೇಲಿಂದ ಹಾಯಿಸಿದ. ಬಾಣ ಕುಂಡದೊಳಗೆ ಬೀಳಲಿಲ್ಲ, ಮೇಲೇರುತ್ತಿದ್ದ ಅನಿಲಕ್ಕೆ ತಾಗಿ ಆಚೆ ಹೋಯಿತು. ಹಾಗೆಯೇ ಆಗಬೇಕೆಂದು ಯೋಜನೆ. ನೋಡಿದವರಿಗೆ ಬೇಕಾದದ್ದು ಬಾಣದ ಹಾದಿ, ಅದು ಸಿಕ್ಕಿತು.

ಅಟ್ಲಾಂಟಾದಲ್ಲಿ ಮುಹಮ್ಮದ್ ಅಲಿ ಕತ್ತಲಿಂದ ಹೊರಬಂದ ಗಳಿಗೆ ಬೇರೆಯದೇ ತೂಕದ್ದು. ಪಾರ್ಕಿನ್ಸನ್ ಕಾಯಿಲೆಗೆ ಎಡಗೈ ನಿಲ್ಲದೆ ನಡುಗುತ್ತಿತ್ತು. ಬಲಗೈಯ ಪಂಜನ್ನು ಬತ್ತಿಗೆ ಹಿಡಿದಾಗ ಅದು ಬೇಗ ಹೊತ್ತಿಕೊಳ್ಳಲಿಲ್ಲ, ಉರಿ ಕೈಯ ಹತ್ತಿರಕ್ಕೇ ನಾಲಿಗೆ ಚಾಚಿತು. 1960ರಲ್ಲಿ ರೋಮ್‌ನಿಂದ ಚಿನ್ನ ತಂದವನು, ವಿಯೆಟ್ನಾಂಗೆ ಹೋಗಿ ಯುದ್ಧ ಮಾಡಲಾರೆ ಎಂದು ಪಟ್ಟ ಕಳೆದುಕೊಂಡವನು, ಅಮೆರಿಕದ ದಕ್ಷಿಣದ ಊರಿನಲ್ಲಿ ಇಡೀ ದೇಶದ ಪರವಾಗಿ ನಿಂತಿದ್ದ.

ಸಿಡ್ನಿಯ ಕಥೆ ನನಗೆ ಇನ್ನೂ ಪ್ರಿಯ. 2000ದ ಸೆಪ್ಟೆಂಬರ್ 15. ಒಲಿಂಪಿಕ್ಸ್‌ಗೆ ಹೆಂಗಸರು ಬಂದು ನೂರು ವರ್ಷವಾಯಿತೆಂದು ಕೊನೆಯ ಸುತ್ತಿನಲ್ಲಿ ಪಂಜು ಹಿಡಿದವರೆಲ್ಲ ಹೆಂಗಸರೇ. ಗಾಲಿಕುರ್ಚಿಯಲ್ಲಿದ್ದ ಬೆಟ್ಟಿ ಕತ್‌ಬರ್ಟ್‌ನಿಂದ ಶುರುವಾಗಿ ಕೊನೆಗೆ ಮೂಲನಿವಾಸಿ ಓಟಗಾರ್ತಿ ಕ್ಯಾಥಿ ಫ್ರೀಮನ್ ಕೈಗೆ ಬಂತು. ಬಿಳಿ ಉಡುಪಿನಲ್ಲಿ ಆಕೆ ನೀರಿನ ನಡುವೆ ನಡೆದು ಸುತ್ತ ವೃತ್ತಾಕಾರದಲ್ಲಿ ಬೆಂಕಿ ಹಚ್ಚಿದಳು. ಆ ಬೆಂಕಿಯ ಬಳೆ ಅವಳ ಸುತ್ತಲಿಂದ ಮೇಲೆದ್ದು, ಜಲಪಾತದ ಪಕ್ಕದ ಹಳಿಯ ಮೇಲೆ ಏರಿ ಕ್ರೀಡಾಂಗಣದ ನೆತ್ತಿಗೆ ಹೋಗಬೇಕಿತ್ತು. ಸ್ವಲ್ಪ ಎದ್ದು ನಿಂತುಬಿಟ್ಟಿತು. ಯಂತ್ರ ಕೈಕೊಟ್ಟಿತ್ತು. ಒಂದು ನಿಮಿಷ, ಎರಡು ನಿಮಿಷ, ಹತ್ತಿರಹತ್ತಿರ ನಾಲ್ಕು ನಿಮಿಷ. ಜಗತ್ತೆಲ್ಲ ನೋಡುತ್ತಿದೆ, ವಾದ್ಯವೃಂದ ಎಳೆಯುತ್ತಲೇ ಇದೆ, ಫ್ರೀಮನ್ ಮೈಯೆಲ್ಲ ಒದ್ದೆಯಾಗಿ ರಾತ್ರಿಯ ಚಳಿಗೆ ಪಂಜು ಎತ್ತಿ ನಿಂತೇ ಇದ್ದಾಳೆ, ಮುಖದಲ್ಲಿ ಗಲಿಬಿಲಿಯ ಗುರುತಿಲ್ಲ. ಎಂಜಿನಿಯರುಗಳು ಹೇಗೋ ಸರಿಮಾಡಿ ಕುಂಡ ಮೇಲೇರಿತು. ಹತ್ತು ದಿನದ ನಂತರ ಅದೇ ಅಂಗಳದಲ್ಲಿ 400 ಮೀಟರ್ ಓಟವನ್ನು 49.11 ಸೆಕೆಂಡಿನಲ್ಲಿ ಗೆದ್ದು, ಮುಗಿಸಿದವಳೇ ನೆಲದ ಮೇಲೆ ಕುಸಿದು ಕೂತಳು. ಆಟಗಾರ ಮತ್ತು ಸಮಾರಂಭ ಇಬ್ಬರೂ ಒಂದೇ ದೇಹದಲ್ಲಿ ಕೂಡಿದ ಅಪರೂಪದ ಉದಾಹರಣೆ.

ಟಿ.ವಿ.ಯ ದುಡ್ಡು ಬಂದ ಮೇಲೆ ಸಮಾರಂಭದ ಅಳತೆಯೇ ಬದಲಾಯಿತು. 1960ರ ರೋಮ್ ಕೂಟವನ್ನು ತೋರಿಸಲು ಅಮೆರಿಕದ ಸಿಬಿಎಸ್ ಕೊಟ್ಟದ್ದು 3,94,000 ಡಾಲರ್. 2021ರಿಂದ 2032ರವರೆಗಿನ ಹಕ್ಕಿಗೆ ಎನ್‌ಬಿಸಿ ಒಪ್ಪಿಕೊಂಡದ್ದು 765 ಕೋಟಿ ಡಾಲರ್. ಈ ಎರಡು ಸಂಖ್ಯೆಗಳ ನಡುವೆ ಎಲ್ಲೋ ಆಟಗಾರ ಹಿನ್ನೆಲೆಗೆ ಸರಿದ. ಹಾಲಿವುಡ್ಡಿನ ನಿರ್ಮಾಪಕ ಡೇವಿಡ್ ವೋಲ್ಪರ್ 1984ರಲ್ಲಿ ಬೆನ್ನಿಗೆ ರಾಕೆಟ್ ಕಟ್ಟಿಕೊಂಡ ಮನುಷ್ಯನನ್ನು ಹಾರಿಸಿದ, 84 ಪಿಯಾನೋಗಳಲ್ಲಿ ಗರ್ಷ್‌ವಿನ್‌ನ ಸಂಗೀತ ಮೊಳಗಿಸಿದ. ಅಲ್ಲಿಂದೀಚೆಗೆ ಪ್ರತಿಯೊಬ್ಬರಿಗೂ ಹಿಂದಿನವರನ್ನು ಮೀರಿಸುವ ಹಟ. ಆಸ್ಟ್ರೇಲಿಯಾದ ರಿಕ್ ಬರ್ಚ್ ಲಾಸ್ ಏಂಜಲಿಸ್, ಬಾರ್ಸಿಲೋನಾ, ಸಿಡ್ನಿ ಮೂರರಲ್ಲೂ ಕೈಯಾಡಿಸಿದವನು. ‘ನಮ್ಮ ಸಂಸ್ಕೃತಿಯ ದರ್ಶನ’ ಎಂದು ಪ್ರತಿ ದೇಶ ಹೇಳಿಕೊಳ್ಳುವುದರ ಹಿಂದೆ ಊರೂರು ಸುತ್ತುವ ಒಂದು ಕಸುಬುದಾರರ ಬಳಗವಿದೆ.

ಈ ಪೈಪೋಟಿಯ ತುದಿ 2008ರ ಬೀಜಿಂಗ್. ಎಂಟನೇ ತಿಂಗಳ ಎಂಟರಂದು ರಾತ್ರಿ ಎಂಟು ಗಂಟೆಗೆ ಝಾಂಗ್ ಯಿಮೌ ನಿರ್ದೇಶನದಲ್ಲಿ 2,008 ಮಂದಿ ವಾದ್ಯಗಾರರು ಒಂದೇ ಕೈಯಂತೆ ಬಡಿದಾಗ ಮೈ ಜುಮ್ಮೆಂದದ್ದು ನಿಜ, ಆ ಶಿಸ್ತಿಗೆ ಒಳಗೊಳಗೇ ಹೆದರಿಕೆಯಾದದ್ದೂ ನಿಜ. ಆಮೇಲೆ ಗೊತ್ತಾಯಿತು: ಆಕಾಶದಲ್ಲಿ ನಡೆದು ಬಂದ 29 ಬಾಣಬಿರುಸಿನ ಹೆಜ್ಜೆಗುರುತುಗಳಲ್ಲಿ ಟಿ.ವಿ.ಯಲ್ಲಿ ಕಂಡದ್ದು ಬಹುತೇಕ ಕಂಪ್ಯೂಟರಿನಲ್ಲಿ ಮೊದಲೇ ಮಾಡಿದ್ದು. ಕೆಂಪು ಫ್ರಾಕಿನ ಪುಟ್ಟ ಹುಡುಗಿ ತುಟಿ ಆಡಿಸಿದಳು, ಕಂಠ ಇನ್ನೊಬ್ಬಳದ್ದು. ಪಾಶ್ಚಾತ್ಯ ಪತ್ರಿಕೆಗಳು ಚೀನಾವನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡವು. ಅದೇ ತಿಂಗಳು, ಸಿಡ್ನಿ ಸಿಂಫನಿಯವರೂ 2000ದಲ್ಲಿ ಮೊದಲೇ ಮುದ್ರಿಸಿದ ಸಂಗೀತಕ್ಕೆ ಕೈಯಾಡಿಸಿದ್ದರು, ಅದರಲ್ಲೊಂದು ಭಾಗ ಮೆಲ್ಬರ್ನ್ ತಂಡದ್ದು ಎಂಬ ಸುದ್ದಿಯೂ ಹೊರಬಂತು. 2006ರ ಚಳಿಗಾಲದ ಟುರಿನ್ ಕೂಟದಲ್ಲಿ ಪವರೋಟಿ ಕೂಡ ತುಟಿಯಷ್ಟೇ ಆಡಿಸಿದ್ದರು. ಲಕ್ಷ ಜನರ ಮುಂದೆ, ಗಾಳಿಮಳೆಯಲ್ಲಿ, ಸೆಕೆಂಡಿನ ಲೆಕ್ಕದಲ್ಲಿ ನಡೆಯುವ ಯಾವ ಪ್ರದರ್ಶನವೂ ಪೂರ್ತಿ ನೇರವಲ್ಲ. ಬೀಜಿಂಗ್‌ನಲ್ಲಿ ಚುಚ್ಚುವುದು ಧ್ವನಿಮುದ್ರಣದ ಸಂಗತಿಯಲ್ಲ, ಚೆನ್ನಾಗಿ ಹಾಡುವ ಮಗು ದೇಶದ ಮುಖವಾಗಲು ಸಾಲದು ಎಂದು ದೊಡ್ಡವರು ಕೂತು ತೀರ್ಮಾನಿಸಿದ್ದು.

ಬೀಜಿಂಗ್ ನಂತರ ಇನ್ನು ದೊಡ್ಡದು ಸಾಧ್ಯವಿಲ್ಲ ಎಂದಾದಾಗ ಲಂಡನ್ ಪಕ್ಕದ ದಾರಿ ಹಿಡಿಯಿತು. ಡ್ಯಾನಿ ಬಾಯ್ಲ್ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿ, ಅದನ್ನು ಕಿತ್ತು ಏಳು ಹೊಗೆಗೊಳವೆ ಎಬ್ಬಿಸಿ, ನಿಜವಾದ ನರ್ಸ್‌ಗಳನ್ನೇ ಕುಣಿಸಿ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಗೆ ನಮಸ್ಕರಿಸಿದ. ರಾಣಿ ಜೇಮ್ಸ್ ಬಾಂಡ್ ಜೊತೆ ನಟಿಸಿದಳು. 204 ತಾಮ್ರದ ದಳಗಳನ್ನು ಒಂದೊಂದು ತಂಡದ ಜೊತೆ ಒಳತಂದು, ಅವು ಕೂಡಿ ಒಂದೇ ಜ್ವಾಲೆಯಾಗುವಂತೆ ಮಾಡಿದರು; ಹೆಸರಾಂತರ ಬದಲು ಏಳು ಮಂದಿ ಎಳೆಯ ಆಟಗಾರರು ಹೊತ್ತಿಸಿದರು. ಕಥಕ್ ಹಿನ್ನೆಲೆಯ ಅಕ್ರಂ ಖಾನ್ ಸಾವಿನ ಕುರಿತು ಮಾಡಿದ ನೃತ್ಯವನ್ನು ಎನ್‌ಬಿಸಿ ತನ್ನ ವೀಕ್ಷಕರಿಗೆ ತೋರಿಸದೆ ಬೇರೆ ಸಂದರ್ಶನ ಹಾಕಿತು. ಹಕ್ಕು ಕೊಂಡವನೇ ಸಂಪಾದಕ. 2022ರ ಕಾಮನ್‌ವೆಲ್ತ್ ಕೂಟದ ಬರ್ಮಿಂಗ್‌ಹ್ಯಾಂ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತೆಂದೇ ನನ್ನ ಅಭಿಪ್ರಾಯ. ಹತ್ತು ಮೀಟರ್ ಎತ್ತರದ ಯಂತ್ರದ ಹೋರಿಯೊಂದನ್ನು, ಒಂದು ಕಾಲದಲ್ಲಿ ಅರೆಹೊಟ್ಟೆಯಲ್ಲಿ ಸರಪಳಿ ಬೆಸೆಯುತ್ತಿದ್ದ ಹೆಂಗಸರ ವೇಷದವರು ಎಳೆದು ತಂದರು. ದೇಶದ ಹಿರಿಮೆಯನ್ನು ಬದಿಗಿಟ್ಟು ಒಂದು ಊರು ತನ್ನ ಕಾರ್ಖಾನೆಯ ಕಥೆ ಹೇಳಿತು. ಜನ ಆ ಹೋರಿಯನ್ನು ಗುಜರಿಗೆ ಕಳಿಸಲು ಬಿಡಲಿಲ್ಲ. ಅದೀಗ ಅಲ್ಲಿನ ರೈಲು ನಿಲ್ದಾಣದಲ್ಲಿ ನಿಂತಿದೆ.

ನಮ್ಮ ದಿಲ್ಲಿಯ ಲೆಕ್ಕಕ್ಕೆ ಬರೋಣ. 1951ರ ಮಾರ್ಚ್ 4ರಂದು 11 ದೇಶಗಳ ಮೊದಲ ಏಷ್ಯನ್ ಕೂಟವನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. ಹೊಸ ದೇಶದ ಸರಳ ಸಮಾರಂಭ. 1982ರ ನವೆಂಬರ್ 19, ಇಂದಿರಾ ಗಾಂಧಿಯವರ ಹುಟ್ಟುಹಬ್ಬದಂದೇ ಶುರುವಾದ ಏಷ್ಯಾಡ್ ನಮ್ಮ ಮೊದಲ ‘ಟಿ.ವಿ. ಸಮಾರಂಭ’. ಪಂಡಿತ್ ರವಿಶಂಕರ್ ಸಂಯೋಜಿಸಿದ ಸ್ವಾಗತಗೀತೆ, ಅಪ್ಪು ಆನೆ, ಹೊಸದಾಗಿ ಬಂದ ಬಣ್ಣದ ಪ್ರಸಾರ. ಬೆಂಗಳೂರು ದೂರದರ್ಶನಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಟಿ.ವಿ. ಇದ್ದ ಮನೆಯ ಹಾಲಿನಲ್ಲಿ ಚಾಪೆ ಹಾಸಿ, ಕಿಟಕಿಗೂ ಜನ ನೇತುಬಿದ್ದು ನೋಡಿದ ತಲೆಮಾರಿಗೆ ಅಪ್ಪು ಎಂದರೆ ಮೊದಲು ನೆನಪಾಗುತ್ತಿದ್ದದ್ದು ಆ ಆನೆಯೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಏಷ್ಯಾಡ್ ಕಟ್ಟಡಗಳ ಕೂಲಿಗಳಿಗೆ ಕನಿಷ್ಠ ವೇತನವೂ ಸಿಗುತ್ತಿಲ್ಲವೆಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಆ ಕೂಟದ ನಿಜವಾದ ಚಿನ್ನ ಅದು ಎಂದರೆ ಅತಿಶಯವಾಗದು. ಇಂದಿಗೂ ಕಾರ್ಮಿಕ ಮೊಕದ್ದಮೆಗಳಲ್ಲಿ ಅದನ್ನು ಎತ್ತಿ ಹೇಳುತ್ತಾರೆ.

2010ರ ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ಹಗರಣಗಳೇ ಉದ್ಘಾಟನೆಯಾಗಿದ್ದವು. ಅಕ್ಟೋಬರ್ 3ರ ಉದ್ಘಾಟನೆಗೆ ಎರಡು ವಾರವೂ ಇಲ್ಲದಾಗ ಮುಖ್ಯ ಕ್ರೀಡಾಂಗಣದ ಬಳಿಯ ಕಾಲುಸೇತುವೆ ಕುಸಿಯಿತು. ಕೊಳೆಗೇರಿಗಳು ಅತಿಥಿಗಳ ಕಣ್ಣಿಗೆ ಬೀಳದಂತೆ ರಸ್ತೆ ಬದಿ ಪರದೆಗಳೆದ್ದವು. ಆದರೆ ಆ ರಾತ್ರಿ ಮಾತ್ರ ಚೆನ್ನಾಗಿಯೇ ಆಯಿತು. ಸುಮಾರು 40 ಕೋಟಿ ರೂಪಾಯಿಯದೆಂದು ವರದಿಯಾಗಿದ್ದ ಹೀಲಿಯಂ ಬಲೂನು ನೆತ್ತಿಯ ಮೇಲೆ ತೇಲುತ್ತ ಪರದೆಯಾಯಿತು, ಕನ್ನಡಿಯಾಯಿತು. ಏಳು ವರ್ಷದ ಬಾಲಕನೊಬ್ಬ ತಬಲಾ ನುಡಿಸಿ ಎಲ್ಲರ ಮನಸ್ಸು ಕದ್ದ. ‘ಭಾರತದ ಮಹಾಯಾನ’ದ ರೈಲಿನಲ್ಲಿ ಸೈಕಲ್ಲು, ಚಾಯ್, ಮೈಕಿನ ಮುಂದೆ ಕಿರುಚುವ ರಾಜಕಾರಣಿ ಎಲ್ಲರೂ ಇದ್ದರು, ನಮ್ಮನ್ನು ನಾವೇ ಕಿಚಾಯಿಸಿಕೊಂಡ ಆ ಕೆಲವು ನಿಮಿಷಗಳು ಶಾಸ್ತ್ರೀಯ ನೃತ್ಯಗಳ ಮೆರವಣಿಗೆಗಿಂತ ಎಷ್ಟೋ ಮೇಲಾಗಿದ್ದವು. ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮಾತಿಗೆ ನಿಂತಾಗ ಜನ ಕೂಗಿ ಅಣಕಿಸಿದರು. ಚಿತ್ರಕಥೆಯಲ್ಲಿ ಇಲ್ಲದ ಆ ಸಾಲನ್ನು ಸೇರಿಸಿದ್ದು ಪ್ರೇಕ್ಷಕರೇ.

ಕೆಲವು ಸಾಲುಗಳನ್ನು ಸೇರಿಸಲು ಎಷ್ಟು ವರ್ಷ ಬೇಕಾಯಿತು ನೋಡಿ. 1972ರ ಮ್ಯೂನಿಕ್‌ನಲ್ಲಿ ಕೊಲೆಯಾದ 11 ಇಸ್ರೇಲಿಗರಿಗಾಗಿ ಉದ್ಘಾಟನೆಯಲ್ಲಿ ಒಂದು ನಿಮಿಷ ಮೌನ ಆಚರಿಸಿ ಎಂದು ಅವರ ಮನೆಯವರು ದಶಕಗಟ್ಟಲೆ ಕೇಳಿದರು. 2012ರಲ್ಲೂ ಆಗದು ಎಂದ ಒಲಿಂಪಿಕ್ ಸಮಿತಿ, 2021ರಲ್ಲಿ ಟೋಕಿಯೊದ ಖಾಲಿ ಕ್ರೀಡಾಂಗಣದಲ್ಲಿ ಕೊನೆಗೂ ಒಪ್ಪಿತು. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಮೌನಕ್ಕೆ ಜಾಗ ಸಿಗಲು 49 ವರ್ಷ!

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಬಂದಿದೆ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಕೂಟಕ್ಕೆ ಅದು ನೂರನೇ ವರ್ಷ. 2036ರ ಒಲಿಂಪಿಕ್ಸ್ ಮೇಲೂ ನಮ್ಮ ಕಣ್ಣಿದೆ, 2024ರಲ್ಲೇ ಆಸಕ್ತಿಯ ಪತ್ರ ಹೋಗಿದೆ. ಅಂದಮೇಲೆ ಏನು ತೋರಿಸಬೇಕು ಎಂಬ ಜಗಳ ಬೇಗನೆ ಶುರುವಾಗುತ್ತದೆ. ಯಾವ ರಾಜ್ಯದ ಕುಣಿತಕ್ಕೆ ಎಷ್ಟು ಸೆಕೆಂಡು, ಡೊಳ್ಳು ಇದೆಯೇ, ಯಕ್ಷಗಾನ ಇದೆಯೇ ಎಂದು ನಾವೂ ಇಲ್ಲಿ ಕೂತು ಲೆಕ್ಕ ಹಾಕುತ್ತೇವೆ. ಡ್ರೋನು ಎಷ್ಟು ಸಾವಿರ ಎಂಬುದರಲ್ಲೂ ದಾಖಲೆಯ ಹುಚ್ಚು ಬರುತ್ತದೆ. ನನ್ನ ಬೇಡಿಕೆಯ ಪಟ್ಟಿ ಇವಕ್ಕಿಂತ ಚಿಕ್ಕದು. ವ್ಯಾಂಕೂವರ್, ಸೋಚಿಯಂಥ ಚಳಿಗಾಲದ ಕೂಟಗಳಲ್ಲಿ ಮಾಡಿದಂತೆ ಮೆರವಣಿಗೆಯನ್ನು ಕಾರ್ಯಕ್ರಮದ ಮುಂಭಾಗಕ್ಕೆ ತನ್ನಿ. ನಡೆದು ಬಂದ ಆಟಗಾರರಿಗೆ ಕುರ್ಚಿ, ಕುಡಿಯುವ ನೀರು ಇಡಿ, ಉಳಿದ ಆಟವನ್ನು ಅವರು ಕೂತು ನೋಡಲಿ. ನಾಳೆ ಸ್ಪರ್ಧೆ ಇರುವವರಿಗೆ ಅರ್ಧದಲ್ಲೇ ಎದ್ದು ಹೋಗಲು ಹಿಂಬಾಗಿಲಲ್ಲಿ ಬಸ್ಸು ನಿಂತಿರಲಿ. ಕೂಟ ಆರಂಭವಾಯಿತೆಂದು ಘೋಷಿಸಲು ಒಲಿಂಪಿಕ್ ನಿಯಮ ರಾಷ್ಟ್ರದ ಮುಖ್ಯಸ್ಥರಿಗೆ ಕೊಟ್ಟಿರುವುದು ಒಂದೇ ಒಂದು ವಾಕ್ಯ. ಅಹಮದಾಬಾದಿನ ವೇದಿಕೆಯಲ್ಲೂ ಮಿಕ್ಕ ಗಣ್ಯರಿಗೆ ಅಷ್ಟೇ ಅಳತೆ ಸಾಕು.